ಬ್ಯಾಗು ಹೊತ್ತು ಬೆಟ್ಟ ಹತ್ತುವುದು ಹೇಗೆ? ಕುಮಾರ ಪರ್ವತದ ದಾರಿಯಲ್ಲಿ ಕಲಿತದ್ದು

ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರ ಪರ್ವತಕ್ಕೆ ಹೊರಟವರಲ್ಲಿ ಜಾಸ್ತಿ ಜನ ಸೋಲುವುದು ತುದಿಯ ಹತ್ತಿರ ಅಲ್ಲ. ಮೊದಲ ಒಂದು ಗಂಟೆಯಲ್ಲೇ. ಊರು ದಾಟಿ ಕಾಡಿನೊಳಗೆ ಕಾಲಿಟ್ಟ ಕೂಡಲೇ ಏರು ಶುರುವಾಗುತ್ತದೆ. ಮರಗಳ ಬೇರುಗಳೇ ಮೆಟ್ಟಿಲು. ಗಾಳಿ ಆಡುವುದಿಲ್ಲ, ಬೆಳಗ್ಗೆ ಏಳಕ್ಕೇ ಅಂಗಿ ಬೆನ್ನಿಗೆ ಅಂಟಿಕೊಳ್ಳುತ್ತದೆ. ಬಸ್ಸಿನಿಂದ ಇಳಿದ ಹುರುಪಿನಲ್ಲಿ ದಡದಡ ಹತ್ತಿದವರು ಅರ್ಧ ಗಂಟೆಗೆ ಯಾವುದೋ ಬಂಡೆಯ ಮೇಲೆ ಕೂತು, ಬ್ಯಾಗಿನ ಪಟ್ಟಿಯೊಳಗೆ ಹೆಬ್ಬೆರಳು ತೂರಿಸಿ ಹೆಗಲು ನೀವಿಕೊಳ್ಳುತ್ತಿರುತ್ತಾರೆ. ಪ್ರತಿ ಸಲ ಹೋದಾಗಲೂ ಇದನ್ನು ನೋಡುತ್ತೇನೆ. ಬೇಜಾರಾಗುತ್ತದೆ, ಯಾಕೆಂದರೆ ಅವರ ಕಾಲಿನಲ್ಲಿ ಶಕ್ತಿ ಇರುತ್ತದೆ. ಬ್ಯಾಗು ಸರಿಯಾಗಿ ಕೂತಿರುವುದಿಲ್ಲ, ನಡಿಗೆ ತೀರಾ ಜೋರಾಗಿರುತ್ತದೆ, ಅಷ್ಟೇ.

ಈ ಎರಡನ್ನು ಸರಿಮಾಡಿಕೊಂಡರೆ ಏರಿನ ಮುಕ್ಕಾಲು ಕಷ್ಟ ಕಮ್ಮಿಯಾಗುತ್ತದೆ ಎನ್ನುವುದು ನನ್ನ ಅನುಭವ. ಶೂ, ಕೋಲು, ತಿಂಡಿ ಎಲ್ಲ ಆಮೇಲಿನ ಮಾತು.

ಮೊದಲು ಲೆಕ್ಕ ಹಾಕಿ

ಕುಮಾರ ಪರ್ವತದ ತುದಿ 1712 ಮೀಟರ್. ಸುಬ್ರಹ್ಮಣ್ಯ ಊರು ಸಮುದ್ರಮಟ್ಟದಿಂದ ಬರೀ ನೂರು ಚಿಲ್ಲರೆ ಮೀಟರ್ ಮೇಲಿದೆ. ಅಂದರೆ 1500 ಮೀಟರಿಗೂ ಜಾಸ್ತಿ ಎತ್ತರವನ್ನು ನಿಮ್ಮ ಕಾಲೇ ಹತ್ತಬೇಕು. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿಯಾದರೂ ಅಲ್ಲಿ ತುದಿಯ ಹತ್ತಿರದವರೆಗೆ ವಾಹನ ಹೋಗುತ್ತದೆ, ಇಲ್ಲಿ ಆ ಸೌಕರ್ಯ ಇಲ್ಲ. ಅದಕ್ಕೇ ಇದು ಕಷ್ಟದ ಚಾರಣ ಎಂದು ಹೆಸರಾಗಿರುವುದು.

ಸಮಯ ಎಷ್ಟು ಬೇಕು ಎಂದು ತಿಳಿಯಲು ಒಂದು ಹಳೆಯ ಲೆಕ್ಕ ಇದೆ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎಂಬ ಪರ್ವತಾರೋಹಿ 1892ರಲ್ಲಿ ಹೇಳಿದ್ದು. ಪ್ರತಿ 5 ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕುಕ್ಕೆ ಕಡೆಯಿಂದ ತುದಿಗೆ ಸುಮಾರು 13 ಕಿಲೋಮೀಟರ್ ಎಂದು ಹಿಡಿದರೆ ನಡಿಗೆಗೆ ಎರಡೂವರೆ ಗಂಟೆ, ಏರಿಗೆ ಎರಡೂವರೆ ಗಂಟೆ, ಒಟ್ಟು ಐದು. ಇದು ಅಭ್ಯಾಸ ಇರುವ, ಎಲ್ಲೂ ಕೂರದ ಮನುಷ್ಯನ ಲೆಕ್ಕ. ಬ್ಯಾಗು ಹೊತ್ತು, ನೀರು ಕುಡಿದು, ಫೋಟೊ ತೆಗೆದು ಹೋಗುವ ನಮಗೆ ಏಳು ಗಂಟೆ ಇಟ್ಟುಕೊಳ್ಳುವುದು ಒಳ್ಳೆಯದು. ಇಳಿಯುವುದಕ್ಕೂ ಹೆಚ್ಚುಕಮ್ಮಿ ಅಷ್ಟೇ ಬೇಕು. ಹಾಗಾದರೆ ಬೆಳಗ್ಗೆ ಎಷ್ಟು ಗಂಟೆಗೆ ಹೊರಡಬೇಕು ಎಂಬುದು ನಿಮಗೇ ಗೊತ್ತಾಗುತ್ತದೆ ಅಲ್ವಾ?

ಇದು ಪುಷ್ಪಗಿರಿ ವನ್ಯಜೀವಿಧಾಮದ ಜಾಗ. ಆನೆ, ಕಾಟಿ (ಕಾಡುಕೋಣ) ಓಡಾಡುವ ಕಾಡು. ಅರಣ್ಯ ಇಲಾಖೆಯ ಅನುಮತಿ ಮೊದಲೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಿ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ, ಜೋರು ಮಳೆಗಾಲದಲ್ಲಿ ಅಪಾಯಕ್ಕೆ ದಾರಿ ಮುಚ್ಚುತ್ತಾರೆ. ಟೆಂಟ್, ರಾತ್ರಿ ಉಳಿಯುವುದು ಇವುಗಳ ನಿಯಮ ಆಗಾಗ ಬದಲಾಗುತ್ತಿರುತ್ತದೆ. ಹೊರಡುವ ವಾರ ಒಂದು ಸಲ ವಿಚಾರಿಸಿಯೇ ಹೋಗಿ.

ಭಾರ ಸೊಂಟಕ್ಕೆ, ಹೆಗಲಿಗಲ್ಲ

ಹಳ್ಳಿಯಲ್ಲಿ ಬಾವಿಯಿಂದ ನೀರು ತರುವ ಹೆಂಗಸರನ್ನು ನೋಡಿದ್ದೀರಲ್ವಾ. ತುಂಬಿದ ಬಿಂದಿಗೆ ಸೊಂಟದ ಮೇಲೆ ಕೂತಿರುತ್ತದೆ. ಮಗುವನ್ನು ಎತ್ತಿಕೊಂಡು ದೂರ ನಡೆಯಬೇಕಾದರೂ ಅಷ್ಟೇ, ಸೊಂಟದ ಮೇಲೆ ಕೂರಿಸಿಕೊಳ್ಳುತ್ತಾರೆ. ಅಲ್ಲಿ ದಪ್ಪ ಮೂಳೆ ಇದೆ, ಅದರ ಕೆಳಗೆ ದೇಹದ ಅತಿ ದೊಡ್ಡ ಸ್ನಾಯುಗಳಿವೆ. ಹೆಗಲಿನಲ್ಲಿ ಏನಿದೆ? ಕಡ್ಡಿಯಂಥ ಒಂದು ಮೂಳೆ, ಅದರ ಸುತ್ತ ಕೈಗೆ ಹೋಗುವ ನರ, ರಕ್ತನಾಳ. ಅಲ್ಲಿ ಭಾರ ಕೂತರೆ ಒಂದು ಗಂಟೆಯಲ್ಲಿ ಕುತ್ತಿಗೆ ಸೆಟೆದುಕೊಳ್ಳುತ್ತದೆ, ಬೆರಳು ಜೋಮು ಹಿಡಿಯುತ್ತದೆ. ನಾನು ಮೊದಲ ಸಲ ಹತ್ತಿದ್ದು ಕಾಲೇಜಿನ ಬ್ಯಾಗಿನಲ್ಲಿ ಒಂಬತ್ತು ಕೆಜಿ ತುಂಬಿಕೊಂಡು, ಅದಕ್ಕೆ ಸೊಂಟದ ಬೆಲ್ಟೇ ಇರಲಿಲ್ಲ. ದಾರಿಯ ನಡುವೆ ಸಿಗುವ ಗಿರಿಗದ್ದೆಯ ಭಟ್ಟರ ಮನೆ ಮುಟ್ಟುವ ಹೊತ್ತಿಗೆ ಎಡಗೈಯ ಎರಡು ಬೆರಳಿಗೆ ಸ್ಪರ್ಶವೇ ಇರಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಸರಿಹೋಯಿತು. ಆದರೆ ಆವತ್ತು ನಾನು ತುದಿಗೆ ಹೋಗಲಿಲ್ಲ.

ಆದ್ದರಿಂದ ಐದು ಕೆಜಿಗಿಂತ ಜಾಸ್ತಿ ಹೊರುವುದಾದರೆ ಅಗಲವಾದ, ಒಳಗೆ ಮೆತ್ತೆ ಇರುವ ಹಿಪ್ ಬೆಲ್ಟ್ ಇರುವ ಬ್ಯಾಗನ್ನೇ ತೆಗೆದುಕೊಳ್ಳಿ. ಬರೀ ತೆಳುವಾದ ನಾಡಾದಂಥ ಪಟ್ಟಿ ಇದ್ದರೆ ಅದು ಬ್ಯಾಗು ಅಲ್ಲಾಡದ ಹಾಗೆ ಹಿಡಿಯುತ್ತದೆ, ಭಾರ ಹೊರುವುದಿಲ್ಲ.

ಕೊಳ್ಳುವಾಗ ಎಲ್ಲರೂ ಲೀಟರ್ ಕೇಳುತ್ತಾರೆ, ಉದ್ದ ಕೇಳುವುದಿಲ್ಲ. ನಿಮ್ಮ ಎತ್ತರಕ್ಕೂ ಬ್ಯಾಗಿಗೂ ಅಷ್ಟು ಸಂಬಂಧ ಇಲ್ಲ. ಬೆನ್ನಿನ ಉದ್ದವೇ ಮುಖ್ಯ. ತಲೆ ಬಗ್ಗಿಸಿದಾಗ ಕುತ್ತಿಗೆಯ ಬುಡದಲ್ಲಿ ಒಂದು ಮೂಳೆ ಉಬ್ಬಿ ಸಿಗುತ್ತದೆ. ಎರಡೂ ಕೈಯನ್ನು ಸೊಂಟದ ಮೂಳೆಯ ಮೇಲೆ, ಹೆಬ್ಬೆರಳು ಹಿಂದಕ್ಕೆ ಬರುವ ಹಾಗೆ ಇಟ್ಟುಕೊಂಡರೆ ಆ ಎರಡು ಹೆಬ್ಬೆರಳಿನ ನಡುವೆ ಒಂದು ಗೆರೆ ಎಳೆಯಬಹುದು. ಕುತ್ತಿಗೆಯ ಮೂಳೆಯಿಂದ ಆ ಗೆರೆಯವರೆಗೆ ಮನೆಯವರಿಗೆ ಹೇಳಿ ಟೇಪಿನಲ್ಲಿ ಅಳೆಸಿ. ಆ ಸೆಂಟಿಮೀಟರ್ ಬರೆದುಕೊಂಡು ಅಂಗಡಿಗೆ ಹೋಗಿ. ಖಾಲಿ ಬ್ಯಾಗು ಹಾಕಿ ನೋಡಿದರೆ ಎಲ್ಲವೂ ಚೆನ್ನಾಗಿಯೇ ಅನಿಸುತ್ತದೆ. ಏಳೆಂಟು ಕೆಜಿ ತುಂಬಿಸಿ ಅಂಗಡಿಯೊಳಗೇ ಹತ್ತು ನಿಮಿಷ ಓಡಾಡಿ. ನಾಚಿಕೆ ಬೇಡ. ದಿನದ ಚಾರಣಕ್ಕೆ 25–30 ಲೀಟರ್ ಧಾರಾಳ. ದೊಡ್ಡ ಬ್ಯಾಗು ತಂದರೆ ಖಾಲಿ ಜಾಗ ಕಂಡಷ್ಟೂ ತುಂಬಬೇಕು ಅನಿಸುತ್ತದೆ.

ಬ್ಯಾಗು ಹಾಕಿಕೊಳ್ಳುವುದರಲ್ಲಿ ಒಂದು ಕ್ರಮ ಇದೆ. ಇದನ್ನು ತಪ್ಪಿಸಬೇಡಿ. ಮೊದಲು ಎಲ್ಲ ಪಟ್ಟಿಗಳನ್ನೂ ಸಡಿಲ ಮಾಡಿ. ಬ್ಯಾಗು ಬೆನ್ನಿಗೆ ಏರಿಸಿ, ಸ್ವಲ್ಪ ಮುಂದೆ ಬಾಗಿ, ಹೆಗಲು ಕುಲುಕಿ ಬ್ಯಾಗನ್ನು ಒಂದು ಹಿಡಿ ಮೇಲಕ್ಕೆ ತನ್ನಿ. ಈಗ ಹಿಪ್ ಬೆಲ್ಟಿನ ನಡುಭಾಗ ಸೊಂಟದ ಮೂಳೆಯ ಮೇಲಂಚಿನ ಮೇಲೆ ಕೂರಬೇಕು. ಹೊಟ್ಟೆಯ ಮೇಲಲ್ಲ, ತೊಡೆಯ ಸಂದಿಯ ಹತ್ತಿರವೂ ಅಲ್ಲ. ಪ್ಯಾಂಟಿನ ಬೆಲ್ಟ್ ಹಾಕುವ ಜಾಗಕ್ಕಿಂತ ಸಾಮಾನ್ಯವಾಗಿ ಇದು ಮೇಲೆ ಇರುತ್ತದೆ. ಬಕಲ್ ಹಾಕಿ ಗಟ್ಟಿಯಾಗಿ ಎಳೆಯಿರಿ. ಆಮೇಲೆ ಹೆಗಲ ಪಟ್ಟಿಯನ್ನು ಎಳೆಯಿರಿ, ಆದರೆ ಅದು ಹೆಗಲನ್ನು ಮುಟ್ಟಿದರೆ ಸಾಕು, ಒತ್ತಬಾರದು. ಹೆಗಲ ಪಟ್ಟಿಯ ಮೇಲಿನಿಂದ ಬ್ಯಾಗಿನ ತಲೆಗೆ ಹೋಗುವ ಒಂದು ಸಣ್ಣ ಪಟ್ಟಿ ಇರುತ್ತದೆ, ತುಂಬ ಜನ ಅದನ್ನು ಮುಟ್ಟುವುದೇ ಇಲ್ಲ. ಏರಿನಲ್ಲಿ ಅದೇ ಉಪಕಾರಿ. ಅದನ್ನು ಮೆಲ್ಲಗೆ ಎಳೆದರೆ ಬ್ಯಾಗಿನ ಮೇಲ್ಭಾಗ ಬೆನ್ನಿನ ಹತ್ತಿರ ಬರುತ್ತದೆ, ಹಿಂದಕ್ಕೆ ಜಗ್ಗುವುದು ನಿಲ್ಲುತ್ತದೆ. ಕೊನೆಗೆ ಎದೆಯ ಪಟ್ಟಿ, ಉಸಿರು ತುಂಬ ಎಳೆದರೂ ಬಿಗಿಯಾಗದಷ್ಟು.

ಸರಿಯಾಗಿದೆಯಾ ಎಂದು ನೋಡಬೇಕಾದರೆ ಹೆಗಲ ಪಟ್ಟಿಯ ಕೆಳಗೆ ಎರಡು ಬೆರಳು ತೂರಿಸಿ. ಸಲೀಸಾಗಿ ಹೋದರೆ ಭಾರ ಸೊಂಟಕ್ಕೆ ಇಳಿದಿದೆ ಎಂದರ್ಥ. ಗಂಟೆಗೊಮ್ಮೆ ಮತ್ತೆ ನೋಡಿ. ಬೆವರಿ, ನಡೆದು ಬೆಲ್ಟ್ ಸಡಿಲವಾಗುತ್ತಲೇ ಇರುತ್ತದೆ, ಗೊತ್ತಾಗದ ಹಾಗೆ ಭಾರ ಮೆಲ್ಲಗೆ ಹೆಗಲಿಗೆ ಏರಿರುತ್ತದೆ.

ಏನು ತುಂಬಬೇಕು, ಎಲ್ಲಿ ತುಂಬಬೇಕು

ಒಂದು ದಿನದ ಚಾರಣಕ್ಕೆ ನಿಮ್ಮ ತೂಕದ ಹತ್ತನೇ ಒಂದು ಭಾಗ, ಹಲವು ದಿನದ್ದಾದರೆ ಐದನೇ ಒಂದು ಭಾಗ. ಅದಕ್ಕಿಂತ ಜಾಸ್ತಿ ಬೇಡ. ಅರವತ್ತು ಕೆಜಿ ಇರುವವರಿಗೆ ಆರು, ಹನ್ನೆರಡು. ಮನೆಯಲ್ಲಿ ತೂಕದ ಯಂತ್ರ ಇದ್ದರೆ ಬ್ಯಾಗು ಹಾಕಿಕೊಂಡು ಒಮ್ಮೆ, ಬಿಟ್ಟು ಒಮ್ಮೆ ನಿಂತು ಕಳೆಯಿರಿ. ಅಂದಾಜು ಯಾವತ್ತೂ ಕಮ್ಮಿಯೇ ಇರುತ್ತದೆ.

ಭಾರದ ಸಾಮಾನು ಬೆನ್ನಿಗೆ ಅಂಟಿಕೊಂಡಿರಬೇಕು, ಹೆಗಲೆಲುಬುಗಳ ನಡುವಿನ ಎತ್ತರಕ್ಕೆ. ಬಟ್ಟೆ, ಮಲಗುವ ಚೀಲದಂಥ ಹಗುರದ ವಸ್ತು ಕೆಳಗೆ. ಬೆನ್ನಿನಿಂದ ದೂರ ಇರುವ ಹೊರಜೇಬಿಗೆ ಎರಡು ಲೀಟರ್ ನೀರು ಹಾಕಿದರೆ ಅದು ಪ್ರತಿ ಹೆಜ್ಜೆಗೂ ನಿಮ್ಮನ್ನು ಹಿಂದಕ್ಕೆ ಎಳೆಯುತ್ತದೆ. ಒಂದು ಬಾಟಲಿ ಎಡಕ್ಕೆ, ಒಂದು ಬಲಕ್ಕೆ, ಕುಡಿಯುವಾಗಲೂ ಎರಡರಿಂದಲೂ ಸಮವಾಗಿ ಕುಡಿಯಿರಿ. ಬ್ಯಾಗಿನ ಹೊರಗೆ ಲೋಟ, ಚಪ್ಪಲಿ, ಸ್ಪೀಕರ್ ಏನನ್ನೂ ನೇತುಹಾಕಬೇಡಿ. ಅದು ತೂಗಾಡಿದಾಗಲೆಲ್ಲ ನಿಮ್ಮ ಸೊಂಟ ಅದನ್ನು ತಡೆಯಲು ಕೆಲಸ ಮಾಡುತ್ತಿರುತ್ತದೆ. ಮೇಲಾಗಿ ಸ್ಪೀಕರ್ ಕಾಡಿಗೆ ಬೇಡವೇ ಬೇಡ.

ಮಳೆಗೆ ಬರೀ ರೇನ್ ಕವರ್ ನಂಬಬೇಡಿ. ಬೆನ್ನಿನ ಕಡೆಯಿಂದ ನೀರು ಇಳಿದೇ ಇಳಿಯುತ್ತದೆ. ದೊಡ್ಡ ದಪ್ಪ ಪ್ಲಾಸ್ಟಿಕ್ ಕವರೊಂದನ್ನು ಬ್ಯಾಗಿನ ಒಳಗೆ ಹಾಸಿ, ಅದರೊಳಗೆ ಸಾಮಾನು ತುಂಬಿ, ಬಾಯಿ ತಿರುಚಿ ಮಡಚಿ. ಇದಕ್ಕಿಂತ ಅಗ್ಗದ, ಇದಕ್ಕಿಂತ ಗ್ಯಾರಂಟಿಯ ಉಪಾಯ ನನಗೆ ಗೊತ್ತಿಲ್ಲ.

ಬಿಟ್ಟುಹೋಗಬೇಕಾದ್ದು: ಜೀನ್ಸ್, ಎರಡನೇ ಜೊತೆ ಶೂ, ಸ್ಟೀಲ್ ಡಬ್ಬಿ, ಇಡೀ ಬಾಟಲಿ ಸನ್‌ಸ್ಕ್ರೀನ್. ತರಲೇಬೇಕಾದ್ದು: ಟಾರ್ಚ್, ಒಂದು ಒಣ ಟೀಶರ್ಟ್, ತೆಳು ಜಾಕೆಟ್, ಬ್ಯಾಂಡೇಜು, ಒಆರ್‌ಎಸ್, ಸೀಟಿ. ಹಗಲೇ ಇಳಿಯುತ್ತೇವೆ ಎಂದು ಟಾರ್ಚ್ ಬಿಡಬೇಡಿ. ಆ ಕಾಡಿನೊಳಗೆ ಸಂಜೆ ಆರಕ್ಕೇ ಕತ್ತಲು ಕವಿಯುತ್ತದೆ, ಮೊಬೈಲ್ ಬೆಳಕಿನಲ್ಲಿ ಬೇರುಗಳ ಮೇಲೆ ಇಳಿಯುವುದು ಕಾಲು ಮುರಿದುಕೊಳ್ಳುವ ದಾರಿ.

ಹೆಜ್ಜೆ ಇಡುವುದು

ಏರಿನಲ್ಲಿ ನಾವು ಸಹಜವಾಗಿ ಮಾಡುವ ತಪ್ಪು ಎಂದರೆ ಮುಂಗಾಲಿನ ಮೇಲೆ ಹತ್ತುವುದು. ಹಿಮ್ಮಡಿ ಗಾಳಿಯಲ್ಲೇ ಇರುತ್ತದೆ, ಇಡೀ ಭಾರವನ್ನು ಮೀನಖಂಡ ಹೊರುತ್ತದೆ. ಅದು ಸಣ್ಣ ಸ್ನಾಯು, ಅರ್ಧ ಗಂಟೆಗೆ ಉರಿ ಶುರು. ಎಲ್ಲೆಲ್ಲಿ ಆಗುತ್ತದೋ ಅಲ್ಲೆಲ್ಲ ಇಡೀ ಪಾದ ಊರಿ, ಹಿಮ್ಮಡಿಗೆ ಒಂದು ಚಪ್ಪಟೆ ಜಾಗ ಹುಡುಕಿ. ತೊಡೆ ಮತ್ತು ಪೃಷ್ಠದ ದೊಡ್ಡ ಸ್ನಾಯುಗಳು ಆಗ ಕೆಲಸಕ್ಕೆ ಬರುತ್ತವೆ. ತೀರಾ ಕಡಿದಾಗಿದ್ದರೆ ಪಾದವನ್ನು ಸ್ವಲ್ಪ ಹೊರಕ್ಕೆ ತಿರುಗಿಸಿ ಇಡಿ.

ಹೆಜ್ಜೆ ಚಿಕ್ಕದಿರಲಿ. ಮಂಡಿ ಎತ್ತರದ ಬಂಡೆ ಎದುರಾದರೆ ಒಂದೇ ಏಟಿಗೆ ಹತ್ತುವ ಬದಲು ಪಕ್ಕದಲ್ಲಿ ಅರ್ಧ ಎತ್ತರದ ಕಲ್ಲು ಇದೆಯಾ ನೋಡಿ. ಬೆನ್ನ ಮೇಲೆ ಎಂಟು ಕೆಜಿ ಇಟ್ಟುಕೊಂಡು ಒಂದು ದೊಡ್ಡ ಹೆಜ್ಜೆ ಹಾಕುವುದಕ್ಕಿಂತ ಮೂರು ಸಣ್ಣ ಹೆಜ್ಜೆ ಯಾವತ್ತೂ ಸುಲಭ. ಮುಂದೆ ಬಾಗುವುದಾದರೆ ಸೊಂಟದಿಂದ ಮುರಿದ ಹಾಗೆ ಬಾಗಬೇಡಿ, ಎದೆ ಮಡಚಿಕೊಂಡು ಉಸಿರಿಗೆ ಜಾಗ ಸಿಗುವುದಿಲ್ಲ. ಕಣಕಾಲಿನಿಂದಲೇ ಇಡೀ ದೇಹ ಸ್ವಲ್ಪ ಮುಂದಕ್ಕೆ ವಾಲಿದರೆ ಸಾಕು.

ಇನ್ನು ಒಂದು ವಿಶೇಷ ಹೆಜ್ಜೆ ಇದೆ, ಪರ್ವತಾರೋಹಿಗಳು ರೆಸ್ಟ್ ಸ್ಟೆಪ್ ಎನ್ನುತ್ತಾರೆ. ಇದೊಂದನ್ನು ಕಲಿತರೆ ನಿಮ್ಮ ಏರು ಬದಲಾಗುತ್ತದೆ ಎಂದು ಧೈರ್ಯವಾಗಿ ಹೇಳುತ್ತೇನೆ. ಈಗಲೇ ಮನೆಯ ಮೆಟ್ಟಿಲ ಮೇಲೆ ಮಾಡಿ ನೋಡಿ. ಬಲಗಾಲನ್ನು ಮೇಲಿನ ಮೆಟ್ಟಿಲ ಮೇಲೆ ಸುಮ್ನೆ ಇಡಿ, ಭಾರ ಹಾಕಬೇಡಿ. ಕೆಳಗಿರುವ ಎಡಗಾಲಿನ ಮಂಡಿಯನ್ನು ನೆಟ್ಟಗೆ ಮಾಡಿ. ಈಗ ನಿಮ್ಮ ಮತ್ತು ಬ್ಯಾಗಿನ ತೂಕವೆಲ್ಲ ಆ ನೆಟ್ಟಗಿನ ಕಾಲಿನ ಮೂಳೆಗಳ ಮೇಲೆ ನಿಂತಿದೆ, ಕಂಬದ ಮೇಲೆ ನಿಂತ ಹಾಗೆ. ತೊಡೆಯನ್ನು ಮುಟ್ಟಿ ನೋಡಿ, ಎರಡೂ ಮೆತ್ತಗಿರುತ್ತವೆ. ಒಂದು ಕ್ಷಣ ಹಾಗೇ ಇರಿ, ಉಸಿರು ಪೂರ್ತಿ ಬಿಡಿ. ಆಮೇಲೆ ಭಾರವನ್ನು ಬಲಗಾಲಿಗೆ ವರ್ಗಾಯಿಸಿ ಏರಿ, ಎಡಗಾಲನ್ನು ಮುಂದಿನ ಮೆಟ್ಟಿಲಿಗೆ ತಂದಿಡಿ, ಈಗ ಬಲಮಂಡಿ ನೆಟ್ಟಗೆ. ಅಷ್ಟೇ. ಪ್ರತಿ ಹೆಜ್ಜೆಯಲ್ಲೂ ಸ್ನಾಯುಗಳಿಗೆ ಅರ್ಧ ಸೆಕೆಂಡಿನ ವಿರಾಮ. ಗಂಟೆಗೆ ಸಾವಿರಗಟ್ಟಲೆ ಹೆಜ್ಜೆ ಇಡುವಾಗ ಆ ಅರ್ಧ ಸೆಕೆಂಡುಗಳೆಲ್ಲ ಸೇರಿ ಎಷ್ಟಾಗುತ್ತದೆ ಲೆಕ್ಕ ಹಾಕಿ. ತುದಿಗೆ ಮುಂಚೆ ಸಿಗುವ ಶೇಷ ಪರ್ವತದ ಹುಲ್ಲಿನ ಏರಿನಲ್ಲಿ, ನೆರಳೇ ಇಲ್ಲದ ಬಿಸಿಲಿನಲ್ಲಿ, ನಾನು ಪೂರ್ತಿ ಇದೇ ಹೆಜ್ಜೆಯಲ್ಲಿ ಹೋಗುತ್ತೇನೆ. ಸಮತಟ್ಟಿನಲ್ಲಿ ಇದರ ಅಗತ್ಯ ಇಲ್ಲ.

ಮಾತಾಡಿಕೊಂಡು ಹತ್ತುವಷ್ಟು ನಿಧಾನ

ಎಷ್ಟು ವೇಗ ಸರಿ? ಪಕ್ಕದವರ ಜೊತೆ ಒಂದು ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ನಡುವೆ ಏದುಸಿರು ಬಂದು ಮಾತು ತುಂಡಾದರೆ ನೀವು ಜೋರಾಗಿ ಹೋಗುತ್ತಿದ್ದೀರಿ. ಮೊದಲ ಇಪ್ಪತ್ತು ನಿಮಿಷ ಇದಕ್ಕಿಂತಲೂ ನಿಧಾನ ಹೋಗಿ, ಅಯ್ಯೋ ಇದೇನು ಇಷ್ಟು ಮೆಲ್ಲಗೆ ಅನಿಸುವಷ್ಟು. ಹೃದಯ, ಶ್ವಾಸಕೋಶ, ಕಾಲು ಮೂರೂ ಹೊಂದಿಕೊಳ್ಳಲು ಅಷ್ಟು ಹೊತ್ತು ಬೇಕು.

ನೇಪಾಳದಲ್ಲಿ ಎವರೆಸ್ಟ್ ದಾರಿಯ ನಾಮ್ಚೆ ಊರಿನ ಕಡೆಗೆ ಸಾಮಾನು ಹೊರುವವರ ಬಗ್ಗೆ 2005ರಲ್ಲಿ ಒಂದು ಅಧ್ಯಯನ ಬಂತು. ಅಲ್ಲಿನ ಗಂಡಸರು ಸರಾಸರಿ ತಮ್ಮ ತೂಕದ 93 ಪರ್ಸೆಂಟ್ ಭಾರ ಹೊರುತ್ತಿದ್ದರು. ಅವರ ಗುಟ್ಟು ಏನೆಂದರೆ ತೀರಾ ನಿಧಾನ ನಡೆಯುತ್ತಾರೆ, ಪದೇ ಪದೇ ನಿಲ್ಲುತ್ತಾರೆ, ಆದರೆ ದಿನವಿಡೀ ನಡೆಯುತ್ತಾರೆ. ನಿಲ್ಲುವಾಗ ಹೊರೆಯನ್ನು ಕೆಳಗಿಡುವುದಿಲ್ಲ, ಟಿ ಆಕಾರದ ಮೋಟು ಕೋಲನ್ನು ಬುಟ್ಟಿಯ ಅಡಿಗೆ ಕೊಟ್ಟು ನಿಂತೇ ಸುಧಾರಿಸಿಕೊಳ್ಳುತ್ತಾರೆ. ನಮ್ಮಲ್ಲೂ ಹಳೆಯ ಕಾಲುದಾರಿಗಳ ಪಕ್ಕ ಎರಡು ಕಂಬ ನಿಲ್ಲಿಸಿ ಮೇಲೆ ಒಂದು ಅಡ್ಡಗಲ್ಲು ಇಟ್ಟಿರುತ್ತಿದ್ದರು. ತಲೆಹೊರೆಯನ್ನು ಬಾಗದೆಯೇ ಇಳಿಸಿ, ಬಾಗದೆಯೇ ಮತ್ತೆ ಎತ್ತಿಕೊಳ್ಳಲಿ ಎಂದು. ಭಾರ ಹೊರುವುದಕ್ಕಿಂತ ಅದನ್ನು ನೆಲದಿಂದ ಎತ್ತುವುದೇ ಕಷ್ಟ ಎಂದು ಆ ಕಲ್ಲು ನಿಲ್ಲಿಸಿದವರಿಗೆ ಚೆನ್ನಾಗಿ ಗೊತ್ತಿತ್ತು.

ನಾವೂ ಅದನ್ನೇ ಮಾಡಬಹುದು. ಸಣ್ಣ ವಿರಾಮಕ್ಕೆ ಬ್ಯಾಗು ಇಳಿಸಬೇಡಿ. ಸೊಂಟದೆತ್ತರದ ಬಂಡೆಗೆ ಬೆನ್ನು ಕೊಟ್ಟು ಬ್ಯಾಗಿನ ತಳವನ್ನು ಅದರ ಮೇಲೆ ಊರಿ, ಒಂದು ನಿಮಿಷ ನಿಂತು ಹೊರಡಿ. ಗಂಟೆಗೊಮ್ಮೆ ಬ್ಯಾಗು ಇಳಿಸಿ ಏಳೆಂಟು ನಿಮಿಷ ಕೂತರೆ ಸಾಕು. ಅದಕ್ಕಿಂತ ಜಾಸ್ತಿ ಕೂತರೆ ಕಾಲು ತಣ್ಣಗಾಗಿ ಹಿಡಿದುಕೊಳ್ಳುತ್ತದೆ. ಮತ್ತೆ ಎತ್ತುವಾಗ ಒಂದೇ ಸಲ ಎಳೆದು ಬೆನ್ನಿಗೆ ಎಸೆಯಬೇಡಿ. ಮೊದಲು ಮಡಚಿದ ತೊಡೆಯ ಮೇಲೆ ಕೂರಿಸಿ, ಒಂದು ಕೈ ತೂರಿಸಿ, ಆಮೇಲೆ ಬೆನ್ನಿಗೆ ತಿರುಗಿಸಿ.

ಗುಂಪಿನಲ್ಲಿ ಹೋದರೆ ಎಲ್ಲರಿಗಿಂತ ನಿಧಾನ ಇರುವವರನ್ನು ಮುಂದೆ ಬಿಡಿ. ಇದು ನನಗೆ ತುಂಬ ಮುಖ್ಯ ಅನಿಸುವ ವಿಷಯ. ಸಾಮಾನ್ಯವಾಗಿ ಏನಾಗುತ್ತದೆ? ಜೋರಿನವರು ಮುಂದೆ ಹೋಗಿ ಕಾಯುತ್ತಾರೆ. ನಿಧಾನದವರು ಏದುಸಿರು ಬಿಡುತ್ತ ಬಂದು ಸೇರುತ್ತಾರೆ. ಅಷ್ಟರಲ್ಲಿ ಮೊದಲಿನವರ ದಣಿವು ಆರಿ, "ಸರಿ, ಹೋಗೋಣ್ವಾ" ಎಂದು ಎದ್ದುಬಿಡುತ್ತಾರೆ. ವಿರಾಮ ಬೇಕಿದ್ದವರಿಗೇ ವಿರಾಮ ಸಿಗಲಿಲ್ಲ. ಹೀಗೆ ನಾಲ್ಕು ಸಲ ಆದರೆ ಯಾರಾದರೂ ಸೋಲುತ್ತಾರೆ, ಆಮೇಲೆ ಬೆಟ್ಟದ ಕಡೆ ತಲೆ ಹಾಕುವುದೂ ಇಲ್ಲ.

ಕೋಲು, ಶೂ, ಬಟ್ಟೆ

ಟ್ರೆಕ್ಕಿಂಗ್ ಪೋಲ್ ಒಂದಲ್ಲ, ಎರಡು ಇದ್ದರೆ ಒಳ್ಳೆಯದು. ಸಮತಟ್ಟಿನಲ್ಲಿ ಮೊಣಕೈ ಸರಿಯಾಗಿ ಮಡಚಿ ಎಲ್ ಆಕಾರ ಬರುವಷ್ಟು ಉದ್ದ. ಏರಿನಲ್ಲಿ ಅದನ್ನು 5ರಿಂದ 10 ಸೆಂಟಿಮೀಟರ್ ಗಿಡ್ಡ ಮಾಡಿ, ಇಳಿಯುವಾಗ ಅಷ್ಟೇ ಉದ್ದ ಮಾಡಿ. ಏರಿನಲ್ಲಿ ಕೋಲನ್ನು ಮುಂದೆ ದೂರಕ್ಕೆ ಊರಿ ನಿಮ್ಮನ್ನು ಎಳೆದುಕೊಳ್ಳಬೇಡಿ, ಪಾದದ ಪಕ್ಕದಲ್ಲೇ ಊರಿ ಹಿಂದಕ್ಕೆ ತಳ್ಳಿ. ಕೈಪಟ್ಟಿಯೊಳಗೆ ಕೈಯನ್ನು ಕೆಳಗಿನಿಂದ ಮೇಲಕ್ಕೆ ತೂರಿಸಿ ಹಿಡಿದರೆ ಭಾರ ಮಣಿಕಟ್ಟಿನ ಪಟ್ಟಿಯ ಮೇಲೆ ಬೀಳುತ್ತದೆ, ಬೆರಳು ಬಿಗಿ ಹಿಡಿಯಬೇಕಿಲ್ಲ. ಕೋಲು ತರದಿದ್ದರೆ ಕಾಡಿನ ಗಿಡ ಕಡಿಯಬೇಡಿ, ಬಿದ್ದ ಒಣಕೋಲು ಬೇಕಾದಷ್ಟು ಸಿಗುತ್ತವೆ. ಶೇಷ ಪರ್ವತದಿಂದ ಇಳಿದು, ಶೋಲಾ ಕಾಡು (ಬೆಟ್ಟದ ಸಂದಿಯ ಗಿಡ್ಡ ಮರಗಳ ಕಾಡು) ದಾಟಿದ ಮೇಲೆ ನೀರು ಜಿನುಗುವ ಬಂಡೆಯ ಏರು ಬರುತ್ತದೆ. ಅಲ್ಲಿ ಕೋಲು ಮಡಚಿ ಬ್ಯಾಗಿಗೆ ಕಟ್ಟಿ, ಪಟ್ಟಿಗಳನ್ನೆಲ್ಲ ಬಿಗಿ ಮಾಡಿ ಎರಡೂ ಕೈ ಬಳಸಿ ಹತ್ತಿ.

ಶೂ ಬಗ್ಗೆ ಚಿಕ್ಕದಾಗಿ. ಹೆಬ್ಬೆರಳಿನ ಮುಂದೆ ಒಂದು ಬೆರಳಗಲ ಜಾಗ ಇರಬೇಕು, ಸಂಜೆ ಹೊತ್ತು ಪಾದ ಸ್ವಲ್ಪ ಊದಿರುವಾಗ ಕೊಳ್ಳಬೇಕು, ಹೊಸ ಶೂವನ್ನು ನೇರವಾಗಿ ಬೆಟ್ಟಕ್ಕೆ ತರಬಾರದು. ವರ್ಷಗಟ್ಟಲೆ ಕಪಾಟಿನಲ್ಲಿಟ್ಟ ಶೂವನ್ನೂ ತರಬಾರದು. ಉಪಯೋಗಿಸದೆ ಇಟ್ಟರೂ ಅಡಿಯ ಫೋಮ್ ತೇವಕ್ಕೆ ಪುಡಿಯಾಗುತ್ತದೆ. ನನ್ನ ಜೊತೆ ಬಂದ ಗೆಳೆಯನ ಶೂವಿನ ಅಟ್ಟೆ, ಗಿರಿಗದ್ದೆ ದಾಟಿ ಮೇಲೆ ಸಿಗುವ ಕಲ್ಲು ಮಂಟಪದ ಹತ್ತಿರ ಪೂರ್ತಿ ಕಳಚಿ ಬಾಯಿ ತೆರೆಯಿತು. ನೋಡಲು ಹೊಸದರ ಹಾಗಿತ್ತು, ನಾಲ್ಕು ವರ್ಷ ಪೆಟ್ಟಿಗೆಯಲ್ಲೇ ಇತ್ತು. ಬ್ಯಾಗಿನ ಹಗ್ಗದಲ್ಲಿ ಪಾದಕ್ಕೇ ಸುತ್ತಿ ಕಟ್ಟಿ ಕೆಳಗೆ ಇಳಿಸಿದೆವು. ಅವತ್ತಿನಿಂದ ಎರಡು ಮೀಟರ್ ನೈಲಾನ್ ಹಗ್ಗ, ಒಂದಿಷ್ಟು ಅಂಟುಟೇಪು ನನ್ನ ಬ್ಯಾಗಿನಲ್ಲಿ ಯಾವಾಗಲೂ ಇರುತ್ತದೆ. ಉಗುರು ಹಿಂದಿನ ದಿನವೇ ಕತ್ತರಿಸಿಕೊಳ್ಳಿ, ಇಳಿಯುವಾಗ ಅದರ ಬೆಲೆ ಗೊತ್ತಾಗುತ್ತದೆ.

ಹತ್ತಿ ಬಟ್ಟೆ ಬೆವರು ಕುಡಿದು ಭಾರವಾಗುತ್ತದೆ, ಒಣಗುವುದೇ ಇಲ್ಲ. ಬೇಗ ಒಣಗುವ ಆಟದ ಟೀಶರ್ಟ್ ಸಾಕು. ಪ್ರತಿ ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ತಂಪಾಗುತ್ತದೆ, ಹಾಗಾಗಿ ಕುಕ್ಕೆಗೂ ತುದಿಗೂ ಹತ್ತು ಡಿಗ್ರಿ ವ್ಯತ್ಯಾಸ ಇರಬಹುದು. ಜೊತೆಗೆ ಜೋರು ಗಾಳಿ. ಹತ್ತುವಾಗ ಜಾಕೆಟ್ ಬೇಡ, ನಿಂತ ಕೂಡಲೇ ಹಾಕಿಕೊಳ್ಳಿ.

ಮಳೆ ಬಿದ್ದಿದ್ದರೆ ಕಾಡಿನ ಭಾಗದಲ್ಲಿ ಇಂಬಳ (ಜಿಗಣೆ) ಇದ್ದೇ ಇರುತ್ತದೆ. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ. ಕಚ್ಚಿದರೆ ಗಾಬರಿ ಬೇಡ, ಎಳೆಯಬೇಡಿ, ಬಾಯಿಯ ಪಕ್ಕಕ್ಕೆ ಉಗುರು ತೂರಿಸಿ ಜಾರಿಸಿ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಅಂಶ ಇರುವುದರಿಂದ ಗಾಯ ಸ್ವಲ್ಪ ಹೊತ್ತು ಸೋರುತ್ತದೆ. ತೊಳೆದು ಒತ್ತಿ ಹಿಡಿದು ಬ್ಯಾಂಡೇಜು ಹಾಕಿ.

ನೀರು ಮತ್ತು ಹೊಟ್ಟೆ

ಬಾಯಾರಿದ ಮೇಲೆ ಗಟಗಟ ಅರ್ಧ ಬಾಟಲಿ ಕುಡಿಯುವುದಕ್ಕಿಂತ ಕಾಲು ಗಂಟೆಗೊಮ್ಮೆ ಎರಡು ಮೂರು ಗುಟುಕು ಒಳ್ಳೆಯದು. ಗಂಟೆಗೆ ಅರ್ಧ ಲೀಟರ್ ಎಂದು ಇಟ್ಟುಕೊಳ್ಳಿ, ಬಿಸಿಲಿಗೆ ಇನ್ನೂ ಜಾಸ್ತಿ. ಒಂದು ಲೀಟರ್ ಎಂದರೆ ಒಂದು ಕೆಜಿ, ಆದ್ದರಿಂದ ಇಡೀ ದಿನದ್ದನ್ನು ಕೆಳಗಿನಿಂದಲೇ ಹೊರಬೇಡಿ. ಭಟ್ಟರ ಮನೆ ಇರುವ ಗಿರಿಗದ್ದೆಯಲ್ಲಿ ತುಂಬಿಸಿಕೊಳ್ಳಿ. ಕಲ್ಲು ಮಂಟಪದ ಹತ್ತಿರದ ನೀರನ್ನು ಬೇಸಿಗೆ ಹತ್ತಿರವಾದಾಗ ನಂಬಬೇಡಿ, ಸಿಕ್ಕರೂ ಶುದ್ಧ ಮಾಡುವ ಮಾತ್ರೆ ಹಾಕಿ ಕುಡಿಯಿರಿ.

ಆ ಬೆವರಿಗೆ ಬರೀ ನೀರು ಸಾಲುವುದಿಲ್ಲ, ಉಪ್ಪೂ ಬೇಕು. ಒಆರ್‌ಎಸ್ ದೊಡ್ಡ ಪ್ಯಾಕೆಟ್ ಒಂದು ಲೀಟರಿಗೆ ಅಳತೆ ಮಾಡಿದ್ದು. ಅರ್ಧ ಲೀಟರ್ ಬಾಟಲಿಗೆ ಪೂರ್ತಿ ಸುರಿಯಬೇಡಿ. ಇಲ್ಲದಿದ್ದರೆ ನಿಂಬೆ, ಉಪ್ಪು, ಸಕ್ಕರೆ ಹಾಕಿದ ಪಾನಕ. ಹೊರಡುವ ಒಂದೂವರೆ ಗಂಟೆ ಮುಂಚೆ ಇಡ್ಲಿ ಅಥವಾ ಅವಲಕ್ಕಿಯಂಥ ಹಗುರದ ತಿಂಡಿ, ದಾರಿಯಲ್ಲಿ ಗಂಟೆಗೊಮ್ಮೆ ಒಂದು ತುಂಡು ಕಡಲೆಮಿಠಾಯಿ ಅಥವಾ ಎರಡು ಖರ್ಜೂರ. ಇವನ್ನು ಹಿಪ್ ಬೆಲ್ಟಿನ ಜೇಬಿನಲ್ಲಿಡಿ, ಬ್ಯಾಗು ಬಿಚ್ಚಬೇಕು ಅಂದರೆ ಯಾರೂ ತಿನ್ನುವುದಿಲ್ಲ. ಯಾರಿಗಾದರೂ ತಲೆಸುತ್ತು, ವಾಂತಿ, ಮಾತಿನಲ್ಲಿ ಗೊಂದಲ ಕಂಡರೆ ತುದಿಯ ಆಸೆ ಅಲ್ಲಿಗೇ ಬಿಡಿ. ನೆರಳಿಗೆ ಕೂರಿಸಿ, ಬಟ್ಟೆ ಒದ್ದೆ ಮಾಡಿ ಗಾಳಿ ಹಾಕಿ, ಕೆಳಗೆ ಕರೆತನ್ನಿ.

ಅಭ್ಯಾಸ

ಆರು ವಾರ ಮುಂಚೆ ಶುರು ಮಾಡಿ, ವಾರಕ್ಕೆ ಮೂರು ದಿನ. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಇದೆ, ಬೆಂಗಳೂರಿನವರಿಗೆ ನಂದಿಬೆಟ್ಟದ ಮೆಟ್ಟಿಲ ದಾರಿ. ಏನೂ ಇಲ್ಲದಿದ್ದರೆ ಅಪಾರ್ಟ್‌ಮೆಂಟಿನ ಮೆಟ್ಟಿಲು. ಮೊದಲ ವಾರ ಖಾಲಿ ಬ್ಯಾಗು, ಆಮೇಲೆ ವಾರಕ್ಕೆ ಒಂದೊಂದು ಲೀಟರ್ ನೀರಿನ ಬಾಟಲಿ ಸೇರಿಸುತ್ತ ಹೋಗಿ. ಅಕ್ಕಿ ತುಂಬುವ ಬದಲು ನೀರು ತುಂಬಿ ಎಂದು ಯಾಕೆ ಹೇಳುತ್ತಿದ್ದೇನೆಂದರೆ, ಮೇಲೆ ಮುಟ್ಟಿದ ಮೇಲೆ ಅದನ್ನು ಗಿಡಕ್ಕೆ ಸುರಿದು ಹಗುರವಾಗಿ ಇಳಿಯಬಹುದು. ಹತ್ತುವಾಗ ಸ್ನಾಯು ಗಟ್ಟಿಯಾಗುತ್ತದೆ, ಇಳಿಯುವಾಗ ಮಂಡಿಗೆ ಸುಮ್ನೆ ಪೆಟ್ಟು ಬೀಳುವುದಿಲ್ಲ.

ಬೆಟ್ಟದಲ್ಲಿ ಇಳಿಯುವಾಗಲೂ ಮಂಡಿ ಸ್ವಲ್ಪ ಮಡಚಿಯೇ ಇರಲಿ, ಹೆಜ್ಜೆ ಚಿಕ್ಕದಿರಲಿ, ಓಡಬೇಡಿ. ಶೂ ದಾರವನ್ನು ಕಣಕಾಲಿನ ಹತ್ತಿರ ಮತ್ತೆ ಬಿಗಿ ಮಾಡಿ, ಇಲ್ಲದಿದ್ದರೆ ಬೆರಳು ಮುಂದಕ್ಕೆ ಗುದ್ದಿ ಉಗುರು ಕಪ್ಪಾಗುತ್ತದೆ. ಬ್ಯಾಗಿನ ಮೇಲಿನ ಸಣ್ಣ ಪಟ್ಟಿಯನ್ನು ಸ್ವಲ್ಪ ಸಡಿಲ ಬಿಟ್ಟು, ಹಿಪ್ ಬೆಲ್ಟನ್ನು ಇನ್ನೊಂದು ಸಲ ಎಳೆಯಿರಿ. ನೀವು ತಂದ ಕಸವೆಲ್ಲ, ಕಿತ್ತಳೆ ಸಿಪ್ಪೆಯೂ ಸೇರಿ, ಅದೇ ಬ್ಯಾಗಿನಲ್ಲಿ ಕೆಳಗೆ ಬರಬೇಕು.

ಮನೆಗೆ ಬಂದ ಮೇಲೆ ಬ್ಯಾಗನ್ನು ಹಾಗೇ ಮೂಲೆಗೆ ಇಡಬೇಡಿ. ಸಾಮಾನನ್ನೆಲ್ಲ ನೆಲದ ಮೇಲೆ ಹರಡಿ, ಉಪಯೋಗಿಸಿದ್ದು ಒಂದು ಕಡೆ, ಉಪಯೋಗಿಸದ್ದು ಇನ್ನೊಂದು ಕಡೆ ಇಡಿ. ಟಾರ್ಚ್, ಬ್ಯಾಂಡೇಜು, ಹಗ್ಗ ಬಿಟ್ಟು ಆ ಎರಡನೇ ರಾಶಿಯಲ್ಲಿ ಏನೇನಿದೆಯೋ ಅದರ ಪಟ್ಟಿಯನ್ನು ಒಂದು ಚೀಟಿಯಲ್ಲಿ ಬರೆದು ಬ್ಯಾಗಿನ ಮೇಲಿನ ಜೇಬಿಗೆ ಹಾಕಿಡಿ. ಮುಂದಿನ ಸಲ ತುಂಬುವಾಗ ಮೊದಲು ಕೈಗೆ ಸಿಗುವುದು ಅದೇ.